ವಾರವಿಡೀ ಅನ್ನ ಬಿಟ್ಟು ಶನಿವಾರ ಮಧ್ಯಾಹ್ನದಿಂದ ಅನ್ನ ತುಂಬಿಸಿಕೊಂಡರೆ ಮೈಕಟ್ಟು ಬೆಳೆಯುತ್ತಾ? ಮುಂಬೈಯಲ್ಲಿ ಯಾರಾದರೂ ಮಾಡಿದ್ದೀರಾ?

ಡೊಂಬಿವಲಿ ಹುಡುಗ

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ.

ವಯಸ್ಸು 29, ತೂಕ 72 ಕೆಜಿ. ಮನೆ ಡೊಂಬಿವಲಿ ಪೂರ್ವ, ಆಫೀಸು ಲೋವರ್ ಪರೇಲ್. ಏಳು ತಿಂಗಳಿಂದ ಅನ್ನ, ಚಪಾತಿ, ಸಕ್ಕರೆ ಬಿಟ್ಟಿದ್ದೇನೆ. ಕಾರ್ಬ್, ಅಂದರೆ ಊಟದಲ್ಲಿರುವ ಪಿಷ್ಟ, ಸಕ್ಕರೆ, ದಿನಕ್ಕೆ 40ರಿಂದ 50 ಗ್ರಾಂ ಅಷ್ಟೇ. ಮೊದಲ ನಾಲ್ಕು ತಿಂಗಳಲ್ಲಿ 81ರಿಂದ 72ಕ್ಕೆ ಇಳಿದೆ. ಹೊಟ್ಟೆ ಕರಗಿತು. ಊಟ ಆದ ಮೇಲೆ ಆಫೀಸಿನಲ್ಲಿ ತೂಕಡಿಸುತ್ತಿದ್ದೆ, ಅದೂ ನಿಂತಿತು. ಅಪ್ಪನಿಗೆ 45ನೇ ವಯಸ್ಸಿಗೇ ಶುಗರ್ ಬಂದಿದೆ. ನನಗೂ ಬರುತ್ತೇನೋ ಅನ್ನುವ ಹೆದರಿಕೆ ಸ್ವಲ್ಪ ಕಡಿಮೆಯಾಗಿದೆ.

ಈಗ ಮೈಕಟ್ಟು ಬೆಳೆಸಬೇಕು ಅನ್ನುವ ಆಸೆ. ಮೂರು ತಿಂಗಳಿಂದ ವಾರಕ್ಕೆ ನಾಲ್ಕು ದಿನ ಜಿಮ್, ಸೋಮವಾರದಿಂದ ಗುರುವಾರದ ತನಕ. ಬೆಂಚ್ (ಮಲಗಿ ಭಾರ ಎತ್ತುವುದು) 60 ಕೆಜಿಗೆ ನಿಂತುಬಿಟ್ಟಿದೆ. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತು ಏಳುವುದು) 80ಕ್ಕೆ. ಮೊದಲ ಎರಡು ಸೆಟ್ ಚೆನ್ನಾಗಿಯೇ ಆಗುತ್ತದೆ. ಮೂರನೇ ಸೆಟ್‌ನ ನಾಲ್ಕನೇ ಸಲ ಕೂತು ಏಳುವಾಗ ತೊಡೆ ಒಮ್ಮೆಲೇ ಖಾಲಿಯಾಗುತ್ತದೆ. ನೋವು ಇಲ್ಲ, ಉಸಿರು ಕಟ್ಟುವುದೂ ಇಲ್ಲ. ತೊಡೆಯೊಳಗೆ ಏನೂ ಉಳಿದಿಲ್ಲ ಅನ್ನಿಸುತ್ತದೆ, ಕಂಬಿ ಕೆಳಗೆ ಹೋಗಿ ಸೇಫ್ಟಿ ರಾಡ್ ಮೇಲೆ ಕೂರುತ್ತದೆ.

ಐದೂವರೆ ದಿನ ಕಡಿಮೆ ಕಾರ್ಬ್, ವಾರದ ಕೊನೆಗೆ ಒಂದೂವರೆ ದಿನ ಜೋರಾಗಿ ಕಾರ್ಬ್ ತುಂಬುವ, ಅಂದರೆ ಲೋಡ್ ಮಾಡುವ, ಪದ್ಧತಿ ಇದೆ ಅಂತ ಓದಿದೆ. ಕಳೆದ ಎರಡು ಭಾನುವಾರ ಮಾಡಿಯೂ ನೋಡಿದೆ. ಬೆಳಗ್ಗೆ ಬನ್ಸ್, ಮಧ್ಯಾಹ್ನ ಕೋರಿ ರೊಟ್ಟಿ, ಸಂಜೆ ಗಡ್‌ಬಡ್ ಐಸ್‌ಕ್ರೀಮ್, ರಾತ್ರಿ ಬಿರಿಯಾನಿ. ಸೋಮವಾರ ಎದ್ದರೆ ಮುಖ ಊದಿದೆ, ತೂಕ ಎರಡೂವರೆ ಕೆಜಿ ಜಾಸ್ತಿ. ಜಿಮ್ಮಿನಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ.

ನಾನು ಎಲ್ಲಿ ತಪ್ಪುತ್ತಿದ್ದೇನೆ? ಮಾಡಿ ಗೊತ್ತಿದ್ದವರು ಹೇಳಿ. ಸುಮ್ನೆ ಅಲ್ಲಿ ಇಲ್ಲಿ ಓದಿದ್ದು ಬೇಡ.

ಜೋಳದ ರೊಟ್ಟಿ, ನೆರೂಳ್

ತಮ್ಮಾ, ಇಷ್ಟು ಕಷ್ಟ ಯಾಕೆ? ನಮ್ಮ ಕಡೆ ಗರಡಿ ಮನೆಯಲ್ಲಿ ಸಾಮು ಮಾಡಿದವರೆಲ್ಲ ರೊಟ್ಟಿ, ಹಾಲು, ಬಾದಾಮಿ, ತುಪ್ಪ ತಿಂದೇ ಮೈ ಬೆಳೆಸಿದ್ದು. ಮೈಕಟ್ಟು ಬೇಕು ಅಂದರೆ ಎರಡು ಹೊತ್ತು ರೊಟ್ಟಿ ತಿನ್ನು, ಭಾರ ಎತ್ತು. ಮುಗಿಯಿತು.

ಕಬ್ಬಿಣದ ಕಡಲೆ, ಥಾಣೆ

ನಾನು 2009ರಿಂದ ಭಾರ ಎತ್ತುತ್ತಿದ್ದೇನೆ. ಅದರಲ್ಲಿ ಮೂರು ವರ್ಷ ನೀವು ಹೇಳುವ ಇದೇ ಪದ್ಧತಿಯಲ್ಲಿದ್ದೆ. ಲೋಡ್ ವಿಷಯ ಆಮೇಲೆ ಮಾತಾಡೋಣ. ಮೊದಲು ಒಂದು ಮಾಮೂಲಿ ಬುಧವಾರ ಏನೇನು ತಿಂದಿರಿ, ಎಷ್ಟೆಷ್ಟು ತಿಂದಿರಿ, ಅಳತೆ ಸಮೇತ ಬರೆಯಿರಿ. ಅಂದಾಜು ಬೇಡ.

ಡೊಂಬಿವಲಿ ಹುಡುಗ

ಇವತ್ತಿನದೇ ಬರೆಯುತ್ತೇನೆ. ಬೆಳಗ್ಗೆ ಮೂರು ಮೊಟ್ಟೆ, ಸಕ್ಕರೆ ಇಲ್ಲದ ಕಾಫಿ. ಮಧ್ಯಾಹ್ನ ಡಬ್ಬಿಯಲ್ಲಿ ಕೋಳಿ ಸುಕ್ಕ, ಬೆಂದ ಮೇಲೆ 150 ಗ್ರಾಂ, ಜೊತೆಗೆ ಬೀನ್ಸ್ ಪಲ್ಯ. ಜಿಮ್ ಆದ ಮೇಲೆ ಒಂದು ಸ್ಕೂಪ್ ವ್ಹೇ (ಹಾಲಿನ ಪ್ರೋಟೀನ್ ಪುಡಿ). ರಾತ್ರಿ ಎರಡು ಬಂಗುಡೆ, ಬಸಳೆ. ಹೊಟ್ಟೆ ತುಂಬಿದೆ. ಹಸಿವು ಅನ್ನುವುದೇ ಇಲ್ಲ.

ಕಬ್ಬಿಣದ ಕಡಲೆ, ಥಾಣೆ

ಅಲ್ಲೇ ಇದೆ ನೋಡಿ ತಪ್ಪು.

ಪ್ರೋಟೀನ್ ಸುಮಾರು 110 ಗ್ರಾಂ ಬರುತ್ತದೆ. ಅದು ಪರವಾಗಿಲ್ಲ. ಆದರೆ ಒಟ್ಟು ಕ್ಯಾಲರಿ ಎಷ್ಟು ಎಳೆದಾಡಿದರೂ 1,500 ದಾಟುವುದಿಲ್ಲ. 72 ಕೆಜಿ ತೂಗುವ, ವಾರಕ್ಕೆ ನಾಲ್ಕು ದಿನ ಭಾರ ಎತ್ತುವ, ದಿನಾ ಲೋಕಲ್‌ನಲ್ಲಿ ನಿಂತು ಹೋಗಿ ಬರುವ ಗಂಡಸಿಗೆ ಇದ್ದ ತೂಕ ಉಳಿಸಿಕೊಳ್ಳುವುದಕ್ಕೇ ಸುಮಾರು 2,400, 2,500 ಬೇಕು. ನೀವು ಮೈ ಬೆಳೆಸುವ ಊಟ ಮಾಡುತ್ತಿಲ್ಲ. ಇನ್ನೂ ಇಳಿಸುವ ಊಟದಲ್ಲೇ ಇದ್ದೀರಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಗಿದೆ. ಊಟವೇ ಸಾಲದಿರುವಾಗ ಲೋಡ್ ದಿನದ ಬಗ್ಗೆ ಯೋಚಿಸಿ ಏನು ಪ್ರಯೋಜನ?

ಕಡಿಮೆ ಕಾರ್ಬ್ ಊಟದಲ್ಲಿ ಇದು ಎಲ್ಲರಿಗೂ ಆಗುತ್ತದೆ. ಪ್ರೋಟೀನ್, ಕೊಬ್ಬು ಹಸಿವನ್ನು ಕೊಂದುಬಿಡುತ್ತವೆ. ತೂಕ ಇಳಿಸುವಾಗ ಅದು ವರ. ಬೆಳೆಸುವಾಗ ಅದೇ ಅಡ್ಡಿ.

ಒಂದು ಲೆಕ್ಕ ಮಾಡಿ. 2,600 ಕ್ಯಾಲರಿ ಬೇಕು ಅಂದುಕೊಳ್ಳಿ. ಪ್ರೋಟೀನ್ 130 ಗ್ರಾಂ, ಅಂದರೆ 520. ಕಾರ್ಬ್ 50 ಗ್ರಾಂ, ಅಂದರೆ 200. ಉಳಿದ 1,880 ಕೊಬ್ಬಿನಿಂದಲೇ ಬರಬೇಕು. ಗ್ರಾಂಗೆ 9ರಂತೆ 209 ಗ್ರಾಂ ಕೊಬ್ಬು. ಹದಿನೈದು ದೊಡ್ಡ ಚಮಚ ಎಣ್ಣೆಯಷ್ಟು! ದಿನಾ ಅಷ್ಟು ತಿನ್ನುವುದು ಯಾರಿಗೂ ಸುಲಭವಲ್ಲ. ನನಗೂ ಆಗಲಿಲ್ಲ. ವಾರದ ಕೊನೆಯ ಲೋಡ್ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಅದರ ಒಂದು ಉಪಯೋಗ ಇದು.

ಡೊಂಬಿವಲಿ ಹುಡುಗ

ಇದು ನನಗೆ ಹೊಳೆದೇ ಇರಲಿಲ್ಲ. ಪ್ರೋಟೀನ್ ಒಂದನ್ನೇ ನೋಡುತ್ತಿದ್ದೆ. ಹಾಗಾದರೆ ಪ್ರೋಟೀನ್ ಜಾಸ್ತಿ ಮಾಡಬೇಕಾ? ಜಿಮ್ಮಿನಲ್ಲಿ ಕೆಜಿಗೆ 3 ಗ್ರಾಂ ಅನ್ನುತ್ತಾರೆ.

ಕಬ್ಬಿಣದ ಕಡಲೆ, ಥಾಣೆ

ಬೇಡ. 2018ರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಭಾರ ಎತ್ತುವವರಿಗೆ ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಸ್ನಾಯು ಬೆಳೆಯುವುದರಲ್ಲಿ ಅಂಥ ಲಾಭ ಕಾಣಲಿಲ್ಲ. ನಿಮಗೆ 115 ಗ್ರಾಂ ಆಯಿತು. 130 ಇಟ್ಟುಕೊಳ್ಳಿ, ಸಾಕು. ದುಡ್ಡೂ ಉಳಿಯುತ್ತದೆ.

ಮುಲುಂಡ್ ಅಕ್ಕ

ನಾನು ಸಸ್ಯಾಹಾರಿ. ವಯಸ್ಸು 41, ಮೂರು ವರ್ಷದಿಂದ ಭಾರ ಎತ್ತುತ್ತಿದ್ದೇನೆ. ನಮ್ಮಂಥವರ ಬಗ್ಗೆ ಇಲ್ಲಿ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಎಲ್ಲರೂ ಬೇಳೆ ತಿನ್ನಿ ಅನ್ನುತ್ತಾರೆ. ತೊಗರಿಬೇಳೆ 100 ಗ್ರಾಂನಲ್ಲಿ ಪ್ರೋಟೀನ್ 22 ಗ್ರಾಂ ಇದ್ದರೆ ಕಾರ್ಬ್ ಅದರ ಎರಡೂವರೆ ಪಟ್ಟು ಇದೆ. ಕಡಿಮೆ ಕಾರ್ಬ್ ದಿನಕ್ಕೆ ಅದು ಹೊಂದುವುದಿಲ್ಲ. ನನ್ನ ಆಧಾರ ಅಂದರೆ ಪನೀರ್, ತೋಫು, ಸೋಯಾ ಚಂಕ್ಸ್, ವ್ಹೇ. ಪನೀರ್ 200 ಗ್ರಾಂನಲ್ಲಿ 36 ಗ್ರಾಂ ಪ್ರೋಟೀನ್ ಸಿಗುತ್ತದೆ, ಕೊಬ್ಬು ಅದಕ್ಕಿಂತ ಜಾಸ್ತಿಯೇ ಬರುತ್ತದೆ. ಒಣ ಸೋಯಾ ಚಂಕ್ಸ್ 50 ಗ್ರಾಂನಲ್ಲಿ 26 ಗ್ರಾಂ. ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಚೆನ್ನಾಗಿ ಹಿಂಡಿ ತೆಗೆದರೆ ಆ ಹಸಿ ವಾಸನೆ ಹೋಗುತ್ತದೆ. ಮೇಲೆ ಕರಿಬೇವು, ಮೆಣಸು, ತೆಂಗಿನೆಣ್ಣೆಯ ಒಗ್ಗರಣೆ ಹಾಕಿ ಸುಕ್ಕದ ಹಾಗೆ ಒಣಗಿಸುತ್ತೇನೆ. ನನ್ನ ಮಗನೂ ಕೇಳಿ ತಿನ್ನುತ್ತಾನೆ.

ಇನ್ನೊಂದು ಮಾತು. ನಾನು 20 ಗ್ರಾಂ, 30 ಗ್ರಾಂ ಕಾರ್ಬ್‌ಗೆ ಇಳಿಯುವುದಿಲ್ಲ. ದಿನಕ್ಕೆ 80ರಿಂದ 90 ಇಟ್ಟಿದ್ದೇನೆ. ಸಸ್ಯಾಹಾರದಲ್ಲಿ ಅದಕ್ಕಿಂತ ಕೆಳಗೆ ಹೋದರೆ ಸೊಪ್ಪು ತರಕಾರಿಗೂ ಕತ್ತರಿ ಬೀಳುತ್ತದೆ. ಹೊಟ್ಟೆ ಕಟ್ಟಿಕೊಳ್ಳುತ್ತದೆ. ಅದು ಬೇಡ ಅನ್ನಿಸಿತು.

ಔಷಧಿ ಅಂಗಡಿ, ಚೆಂಬೂರು

ನಾನು ಫಾರ್ಮಸಿಸ್ಟ್. ಮುಂದೆ ಮಾತು ಹೋಗುವ ಮುನ್ನ ಒಂದು ವಿಷಯ ಹೇಳಲೇಬೇಕು.

ಶುಗರ್ ಇದ್ದು ಮಾತ್ರೆ ತೆಗೆದುಕೊಳ್ಳುವವರು ಇದನ್ನು ನೋಡಿ ತಮ್ಮಷ್ಟಕ್ಕೆ ಶುರು ಮಾಡಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಮಾತ್ರೆಗಳಿವೆ. ಅವು ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುತ್ತವೆ. ಅವನ್ನು ತೆಗೆದುಕೊಳ್ಳುತ್ತಾ ಕಾರ್ಬ್ ತೀರಾ ಕಡಿಮೆ ಮಾಡಿದರೆ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು, ಆಗುವ ಅಪಾಯ ಇದೆ. ಮೋಸ ಏನೆಂದರೆ, ಆಗ ಶುಗರ್ ನೋಡಿದರೆ ಅಷ್ಟೇನೂ ಜಾಸ್ತಿ ಇರುವುದಿಲ್ಲ. ವಾಂತಿ, ಹೊಟ್ಟೆನೋವು, ಜೋರು ಉಸಿರು ಬಂದರೆ ಗ್ಯಾಸ್ ಅಂದುಕೊಂಡು ಮನೆಯಲ್ಲಿ ಮಲಗಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ತೊಂದರೆ ಬೇರೆ ಥರ. ಊಟದಲ್ಲಿ ಕಾರ್ಬ್ ಇಲ್ಲದಿದ್ದರೆ ಶುಗರ್ ಧಡಕ್ಕನೆ ಕೆಳಗೆ ಬೀಳುತ್ತದೆ. ಬಿಪಿ ಮಾತ್ರೆಯ ಪ್ರಮಾಣವನ್ನೂ ಡಾಕ್ಟರ್ ನೋಡಬೇಕಾಗಬಹುದು. ಕಿಡ್ನಿ ತೊಂದರೆ ಇದ್ದವರು ಪ್ರೋಟೀನ್ ಏರಿಸುವ ಮುನ್ನ ಕೇಳಲೇಬೇಕು.

ಡೊಂಬಿವಲಿಯವರೇ, ನಿಮ್ಮ ತಂದೆ ನಿಮ್ಮ ಜೊತೆ ಇದೇ ಊಟ ಮಾಡುತ್ತಿದ್ದಾರಾ?

ಡೊಂಬಿವಲಿ ಹುಡುಗ

ಇಲ್ಲ ಸರ್. ಅಪ್ಪ ಅವರ ಡಾಕ್ಟರ್ ಹೇಳಿದ ಹಾಗೆ ತಿನ್ನುತ್ತಾರೆ. ಆದರೆ ನನ್ನನ್ನು ನೋಡಿ ತಾನೂ ಶುರು ಮಾಡುತ್ತೇನೆ ಅಂತ ಕಳೆದ ವಾರವಷ್ಟೇ ಅಂದಿದ್ದರು. ಅವರ ಮಾತ್ರೆ ಪಟ್ಟಿಯಲ್ಲಿ ನೀವು ಹೇಳಿದ ಮೊದಲ ಹೆಸರು ಇದೆ, ಈಗಷ್ಟೇ ನೋಡಿದೆ. ತುಂಬಾ ಉಪಕಾರವಾಯಿತು. ಡಾಕ್ಟರನ್ನು ಕೇಳದೆ ಮಾಡಬಾರದು ಅಂತ ಈಗಲೇ ಹೇಳಿದೆ.

ಮೀರಾ ರೋಡ್ ಲೋಕಲ್

ನಡುವೆ ಒಂದು ಪ್ರಶ್ನೆ. ಎರಡು ವಾರದಿಂದ ಕಾರ್ಬ್ ಬಿಟ್ಟಿದ್ದೇನೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ರೈಲಿನಲ್ಲಿ ನಿಂತಾಗ ತಲೆ ತಿರುಗುತ್ತದೆ. ಇದು ಸರಿಯಾಗುತ್ತಾ?

ಕಬ್ಬಿಣದ ಕಡಲೆ, ಥಾಣೆ

ಉಪ್ಪು ಕಡಿಮೆಯಾಗಿರಬಹುದು. ಕಾರ್ಬ್ ಇಳಿದರೆ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಕಿಡ್ನಿ ಸೋಡಿಯಂ ಹೊರಗೆ ಬಿಡುತ್ತದೆ, ಅದರ ಹಿಂದೆ ನೀರೂ ಹೋಗುತ್ತದೆ. ಮೇಲಿಂದ ಮುಂಬೈ ಸೆಕೆ, ರೈಲಿನ ಬೆವರು. ಬಿಪಿ ಇಲ್ಲದಿದ್ದರೆ ದಿನಕ್ಕೆ ಎರಡು ಲೋಟ ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿಯಿರಿ, ಸೊಪ್ಪು ತಿನ್ನಿ. ವಾರದಲ್ಲಿ ಸರಿಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಡೊಂಬಿವಲಿ ಹುಡುಗ

ನನಗೂ ಶುರುವಿನಲ್ಲಿ ಇದೇ ಆಗಿತ್ತು. ಒಬ್ಬ ಟ್ರೇನರ್ ಉಪ್ಪನ್ನೂ ಬಿಡು ಅಂದಿದ್ದರು. ಒಂದು ಸಂಜೆ ಕರಿ ರೋಡ್ ಸ್ಟೇಷನ್ ಮೆಟ್ಟಿಲ ಮೇಲೆ ಕಾಲು ಹಿಡಿದು, ಹತ್ತು ನಿಮಿಷ ಗೋಡೆ ಹಿಡಿದು ನಿಂತಿದ್ದೆ. ಉಪ್ಪು ಬಿಡಬೇಡಿ.

ಈಗ ಲೋಡ್ ವಿಷಯಕ್ಕೆ ಬರೋಣವಾ? ನನ್ನ ಬನ್ಸ್, ಬಿರಿಯಾನಿ ಯಾಕೆ ಕೆಲಸ ಮಾಡಲಿಲ್ಲ?

ಕಬ್ಬಿಣದ ಕಡಲೆ, ಥಾಣೆ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ತುಂಬಾ ಇಷ್ಟದ ವಿಷಯ.

1966ರಲ್ಲಿ ಸ್ವೀಡನ್ನಿನ ಬೆರ್ಗ್‌ಸ್ಟ್ರೋಮ್, ಹಲ್ಟ್‌ಮನ್ ಅನ್ನುವ ಇಬ್ಬರು ವೈದ್ಯರು ಒಂದು ಪ್ರಯೋಗ ಮಾಡಿದರು. ತಮ್ಮ ಮೇಲೆಯೇ. ಒಂದೇ ವ್ಯಾಯಾಮದ ಸೈಕಲ್, ಆ ಕಡೆ ಒಬ್ಬರು ಈ ಕಡೆ ಒಬ್ಬರು. ಒಬ್ಬೊಬ್ಬರೂ ಒಂದೇ ಕಾಲಿನಲ್ಲಿ ಸುಸ್ತಾಗುವ ತನಕ ತುಳಿದರು. ಇನ್ನೊಂದು ಕಾಲಿಗೆ ವಿಶ್ರಾಂತಿ. ಆಮೇಲೆ ಮೂರು ದಿನ ಕಾರ್ಬ್ ತುಂಬಿದ ಊಟ. ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ತುಣುಕು ತೆಗೆದು ನೋಡಿದರೆ, ತುಳಿದ ಕಾಲಿನಲ್ಲಿ ಗ್ಲೈಕೋಜನ್ ಸುಮ್ಮನಿದ್ದ ಕಾಲಿನ ಸುಮಾರು ಎರಡು ಪಟ್ಟು ಇತ್ತು. ಊಟ ಒಂದೇ, ದೇಹ ಒಂದೇ. ದುಡಿದ ಕಾಲು ಮಾತ್ರ ಜಾಸ್ತಿ ತುಂಬಿಸಿಕೊಂಡಿತು.

ಗ್ಲೈಕೋಜನ್ ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ. ನಮ್ಮೆಲ್ಲ ಸ್ನಾಯುಗಳಲ್ಲಿ ಒಟ್ಟು 400ರಿಂದ 500 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ. ಎಂಟು ಹತ್ತು ಸಲ ಭಾರ ಎತ್ತುವ ಒಂದು ಸೆಟ್‌ಗೆ ಬೇಕಾದ ಶಕ್ತಿಯಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ. ಕೊಬ್ಬು ಅಷ್ಟು ಬೇಗ ಉರಿಯುವುದಿಲ್ಲ. ನಿಮ್ಮ ತೊಡೆ ಮೂರನೇ ಸೆಟ್‌ನಲ್ಲಿ ಖಾಲಿಯಾಗುತ್ತದಲ್ಲ, ಅದಕ್ಕೆ ಒಂದು ಕಾರಣ ಇದೇ ಇರಬೇಕು.

ಈಗ ನಿಮ್ಮ ಭಾನುವಾರ ನೋಡಿ. ಹಿಂದಿನ ಎರಡು ದಿನ ಜಿಮ್ ಇಲ್ಲ. ಲೋಡ್‌ಗೆ ಮುನ್ನ ದುಡಿಮೆ ಇಲ್ಲ. ಬನ್ಸ್ ಎಣ್ಣೆಯಲ್ಲಿ ಕರಿದದ್ದು, ಬಿರಿಯಾನಿ ತುಪ್ಪದಲ್ಲಿ ಮುಳುಗಿದ್ದು, ಐಸ್‌ಕ್ರೀಮ್ ಅರ್ಧ ಕೊಬ್ಬು ಅರ್ಧ ಸಕ್ಕರೆ. ಕಾರ್ಬ್ ಜೋರಾಗಿ ತಿಂದ ದಿನ ದೇಹ ಕಾರ್ಬ್ ಉರಿಸುತ್ತದೆ, ಜೊತೆಗೆ ತಿಂದ ಕೊಬ್ಬನ್ನು ಹೊಟ್ಟೆಯ ಮೇಲೆ ಜಮಾ ಮಾಡುತ್ತದೆ. ನೀವು ಮಾಡಿದ್ದು ಹಬ್ಬದೂಟ. ಲೋಡ್ ಅಂದರೆ ಅಳತೆಯ ಊಟ. ಶನಿವಾರ ಬೆಳಗ್ಗೆ ಇಡೀ ಮೈಗೆ ಕೆಲಸ ಕೊಡಿ, ಹಗುರ ಭಾರ, ಹನ್ನೆರಡರಿಂದ ಹದಿನೈದು ಸಲ. ಮುಗಿದ ಮೇಲೆ ಮೊದಲ ಕೆಲವು ಗಂಟೆ ಸ್ನಾಯು ಅತಿ ವೇಗವಾಗಿ ಹೀರಿಕೊಳ್ಳುತ್ತದೆ. ಆಗಲೇ ಶುರು ಮಾಡಿ, ಭಾನುವಾರ ಮಧ್ಯಾಹ್ನಕ್ಕೆ ನಿಲ್ಲಿಸಿ.

ಎಷ್ಟು? ಮೊದಲ ಸಲ ಕೆಜಿಗೆ 6 ಗ್ರಾಂ. ನಿಮಗೆ 430 ಗ್ರಾಂ. ಆ ದಿನ ಕೊಬ್ಬು 50 ಗ್ರಾಂ ಒಳಗೆ. ಪ್ರೋಟೀನ್ ಮಾಮೂಲಿಯೇ.

ಇನ್ನು ಆ ಎರಡೂವರೆ ಕೆಜಿಗೆ ಹೆದರಬೇಡಿ. ಪ್ರತಿ ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಳ್ಳುತ್ತದೆ. 400 ಗ್ರಾಂ ತುಂಬಿದರೆ ನೀರು ಸೇರಿ 1,600 ಗ್ರಾಂ ಆಯಿತಲ್ವಾ? ಅದು ಸ್ನಾಯು ಬೆಳೆದದ್ದೂ ಅಲ್ಲ, ಕೊಬ್ಬೂ ಅಲ್ಲ. ಜಿಮ್ಮಿನಲ್ಲಿ ಮೇಲೆ ನಿಂತು ಮೈ ಅಳೆಯುವ ಯಂತ್ರ ಈ ನೀರನ್ನೂ ಸ್ನಾಯು ಅಂತಲೇ ತೋರಿಸುತ್ತದೆ. ಸೋಮವಾರ ಅದನ್ನು ನೋಡಿ ಖುಷಿಪಡಬೇಡಿ, ಶುಕ್ರವಾರ ನೋಡಿ ಅಳಬೇಡಿ. ಪ್ರತಿ ವಾರ ಒಂದೇ ದಿನ, ಲೋಡ್‌ಗೆ ಮುನ್ನ, ಶನಿವಾರ ಬೆಳಗ್ಗೆ ತೂಗಿ.

ಮುಲುಂಡ್ ಅಕ್ಕ

ಇಲ್ಲೇ ನಮ್ಮ ಊಟದ ಭಾಗ್ಯ ನೋಡಿ. ಇಡ್ಲಿಯಂಥ ಲೋಡ್ ತಿಂಡಿ ಇನ್ನೊಂದಿಲ್ಲ. ಅಕ್ಕಿ, ಉದ್ದು, ಹಬೆ. ಎಣ್ಣೆ ಹನಿಯಷ್ಟೂ ಇಲ್ಲ. ಅದೇ ಹಿಟ್ಟು ಕಾವಲಿಗೆ ಹೋಗಿ ಬೆಣ್ಣೆ ಮಸಾಲೆ ದೋಸೆಯಾದರೆ ಲೆಕ್ಕವೇ ಬದಲಾಗುತ್ತದೆ. ಒಂದು ಮಾಮೂಲಿ ಇಡ್ಲಿಯಲ್ಲಿ ಕಾರ್ಬ್ 10ರಿಂದ 12 ಗ್ರಾಂ. ನಾನು ಶನಿವಾರ ಜಿಮ್ ಮುಗಿಸಿ ಮಾಟುಂಗಕ್ಕೆ ಹೋಗುತ್ತೇನೆ, ಅಲ್ಲಿ ಇಡ್ಲಿಗೆ ಕೊರತೆಯೇ ಇಲ್ಲ. ಆರು ಇಡ್ಲಿ, ಸಾಂಬಾರ್. ಚಟ್ನಿ ಮಾತ್ರ ಒಂದು ಚಮಚ, ಅದು ತೆಂಗಿನಕಾಯಿ.

ಹಣ್ಣಿನ ವಿಷಯವೂ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ಹಾಪೂಸ್ ಸೀಸನ್, ಮಾವಿನಹಣ್ಣಿನಲ್ಲೇ ಲೋಡ್ ಮಾಡೋಣ ಅಂದುಕೊಂಡಿದ್ದೆ. ಹಣ್ಣಿನ ಫ್ರಕ್ಟೋಸ್ ಹೆಚ್ಚಾಗಿ ಲಿವರ್‌ಗೆ ಹೋಗುತ್ತದೆ. ಸ್ನಾಯು ತುಂಬಲು ಅಕ್ಕಿ, ಆಲೂಗಡ್ಡೆ, ಅವಲಕ್ಕಿಯಂಥ ಪಿಷ್ಟವೇ ಒಳ್ಳೆಯದು. ಒಂದು ಹಾಪೂಸ್ ತಿನ್ನಿ, ಖುಷಿಗೆ. ಡಜನ್ ಬೇಡ.

ಜೋಳದ ರೊಟ್ಟಿ, ನೆರೂಳ್

ಎಲ್ಲ ಓದಿದೆ. ಒಳ್ಳೆಯ ಮಾಹಿತಿ. ಆದರೆ ನನ್ನ ಮೊದಲ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಭಾರ ಎತ್ತಲು ಗ್ಲೈಕೋಜನ್ ಬೇಕು ಅಂತ ನೀವೇ ಹೇಳುತ್ತೀರಿ. ಕಾರ್ಬ್ ಬಿಟ್ಟರೆ ಕ್ಯಾಲರಿ ಸಾಲದು ಅಂತಲೂ ನೀವೇ ಹೇಳುತ್ತೀರಿ. ಹಾಗಾದರೆ ವಾರವಿಡೀ ಬಿಟ್ಟು ಒಂದು ದಿನ ಯಾಕೆ ತುಂಬಬೇಕು? ದಿನಾ ಎರಡು ರೊಟ್ಟಿ ತಿಂದರೆ ಆಗುವುದಿಲ್ಲವಾ?

ಕಬ್ಬಿಣದ ಕಡಲೆ, ಥಾಣೆ

ನ್ಯಾಯವಾದ ಪ್ರಶ್ನೆ. ಪ್ರಾಮಾಣಿಕವಾಗಿ ಉತ್ತರಿಸುತ್ತೇನೆ. ಮೈಕಟ್ಟು ಬೆಳೆಸುವುದೊಂದೇ ಗುರಿಯಾದರೆ ನಿಮ್ಮ ಮಾತೇ ಸರಿ. ದಿನಾ ರೊಟ್ಟಿ, ಅನ್ನ ತಿಂದು ಭಾರ ಎತ್ತುವುದೇ ಸುಲಭದ ದಾರಿ.

2018ರಲ್ಲಿ ಸ್ಪೇನ್‌ನಲ್ಲಿ 24 ಜನ ಭಾರ ಎತ್ತುವ ಗಂಡಸರ ಮೇಲೆ 8 ವಾರ ನೋಡಿದರು. ಕೀಟೋ (ಕಾರ್ಬ್ ತೀರಾ ಕಡಿಮೆ, ಕೊಬ್ಬು ಜಾಸ್ತಿ) ಊಟದವರ ಕೊಬ್ಬು ಕರಗಿತು, ಆದರೆ ಸ್ನಾಯು ಬೆಳೆದದ್ದು ಕಾರ್ಬ್ ತಿಂದವರಿಗೆ. 2020ರಲ್ಲಿ ಚೆಕ್ ದೇಶದವರು ನಾವು ಮಾತಾಡುತ್ತಿರುವ ಇದೇ ಪದ್ಧತಿಯನ್ನು ನೋಡಿದರು. ಐದು ದಿನ ಕಾರ್ಬ್ ತೀರಾ ಕಡಿಮೆ, ವಾರದ ಕೊನೆಗೆ ಎರಡು ದಿನ ಲೋಡ್. 25 ಯುವಕರು, 8 ವಾರ. ಎರಡೂ ಗುಂಪಿನವರು ತೂಕ ಇಳಿಸಿದರು. ಶಕ್ತಿ ಹೆಚ್ಚಾದದ್ದು ಮಾಮೂಲಿ ಊಟದ ಗುಂಪಿನವರಿಗೆ. ಅವರೆಲ್ಲ ಕ್ಯಾಲರಿ ಕಡಿಮೆ ಮಾಡಿದ್ದರು, ಅದನ್ನೂ ನೆನಪಿಡಬೇಕು. ಆದರೂ ಲೋಡ್ ಮಾಡಿದರೆ ಏನೋ ಮಾಯಾಜಾಲ ಆಗುತ್ತದೆ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನಾನು ಮೂರು ವರ್ಷ ಮಾಡಿ ಬಿಟ್ಟೆ. ಈಗ ಮಧ್ಯಾಹ್ನ ಅನ್ನ ತಿನ್ನುತ್ತೇನೆ.

ಡೊಂಬಿವಲಿ ಹುಡುಗ

ರೊಟ್ಟಿ ಅಣ್ಣಾ, ನಾನು ಯಾಕೆ ಬಿಡುತ್ತಿಲ್ಲ ಅಂತ ಹೇಳುತ್ತೇನೆ. 81 ಕೆಜಿಯಲ್ಲಿದ್ದಾಗ ನನಗೆ ಎರಡು ತುತ್ತು ಅನ್ನಕ್ಕೆ ನಿಲ್ಲಿಸಲು ಆಗುತ್ತಿರಲಿಲ್ಲ. ತಟ್ಟೆ ಮುಗಿದ ಮೇಲೆ ಮತ್ತೊಂದು ತಟ್ಟೆ. ರಾತ್ರಿ ಹನ್ನೊಂದಕ್ಕೆ ಫರ್ಸಾಣ (ಕುರುಕಲು ತಿಂಡಿ) ಡಬ್ಬ. ಕಾರ್ಬ್ ಬಿಟ್ಟ ಮೇಲೆ ಮೊದಲ ಸಲ ಊಟದ ಬಗ್ಗೆ ಯೋಚಿಸದೆ ಒಂದು ಮಧ್ಯಾಹ್ನ ಕಳೆದೆ. ಅದು ನನಗೆ ದೊಡ್ಡದು. ಆ ಹಿಡಿತ ಬಿಟ್ಟುಕೊಡದೆ ಸ್ವಲ್ಪ ಶಕ್ತಿ ಬೆಳೆಸಬೇಕು ಅಷ್ಟೇ. ನಿಧಾನವಾದರೂ ಪರವಾಗಿಲ್ಲ.

ಜೋಳದ ರೊಟ್ಟಿ, ನೆರೂಳ್

ಅದು ಸರಿ ತಮ್ಮಾ. ಹಾಗಿದ್ದರೆ ಮಾಡು.

ಕಬ್ಬಿಣದ ಕಡಲೆ, ಥಾಣೆ

ಹಾಗಾದರೆ ಎರಡು ಬದಲಾವಣೆ ಮಾಡಿಕೊಳ್ಳಿ. ಜಿಮ್ ಇರುವ ದಿನ, ಮುಕ್ಕಾಲು ಗಂಟೆ ಮುಂಚೆ ಒಂದು ಬಾಳೆಹಣ್ಣು ಅಥವಾ ಒಂದು ಬೇಯಿಸಿದ ಗೆಣಸು. 25, 30 ಗ್ರಾಂ ಕಾರ್ಬ್ ಬರುತ್ತದೆ, ಭಾರ ಎತ್ತುವಾಗಲೇ ಉರಿದುಹೋಗುತ್ತದೆ. ಇನ್ನೊಂದು, ಕಠಿಣ ಕಾಲಿನ ಕೆಲಸವನ್ನು ಸೋಮವಾರಕ್ಕೆ ಇಡಿ. ಟ್ಯಾಂಕ್ ತುಂಬಿದ ದಿನವೇ ದೊಡ್ಡ ಭಾರ. ಲೋಡ್ ಆದ ಮೇಲೆ ಮತ್ತೆ ಕೀಟೋಸಿಸ್‌ಗೆ, ಅಂದರೆ ದೇಹ ಹೆಚ್ಚಾಗಿ ಕೊಬ್ಬನ್ನೇ ಉರಿಸುವ ಸ್ಥಿತಿಗೆ, ಮರಳಲು ಒಂದೆರಡು ದಿನ ಬೇಕು. ಮಂಗಳವಾರ ಸ್ವಲ್ಪ ಮಂಕು ಅನ್ನಿಸಿದರೆ ಗಾಬರಿ ಬೇಡ. ಕ್ರಿಯಾಟಿನ್ ಮೊನೊಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಳ್ಳಬಹುದು. ದುಡ್ಡಿಗೆ ತಕ್ಕ ಕೆಲಸ ಮಾಡುವ ಪುಡಿ ಅದೊಂದೇ ಅಂತ ನನ್ನ ಅಭಿಪ್ರಾಯ.

ಔಷಧಿ ಅಂಗಡಿ, ಚೆಂಬೂರು

ಕ್ರಿಯಾಟಿನ್ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಹೋದಾಗ ಹೇಳಿ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ನೋಡುವ ಅಳತೆ) ಸ್ವಲ್ಪ ಜಾಸ್ತಿ ಕಾಣಬಹುದು. ಜೊತೆಗೆ ಮೂರು ತಿಂಗಳಿಗೊಮ್ಮೆ ಲಿಪಿಡ್ ಪರೀಕ್ಷೆ ಮಾಡಿಸಿ. ಕೊಬ್ಬು ಜಾಸ್ತಿ ತಿನ್ನುವ ಕೆಲವರಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ತುಂಬಾ ಏರುತ್ತದೆ. ಏರಿದರೆ ಹಾಗೇ ಮುಂದುವರಿಸಬೇಡಿ.

ಡೊಂಬಿವಲಿ ಹುಡುಗ (ಒಂಬತ್ತು ವಾರದ ನಂತರ)

ತಡವಾಯಿತು, ಕ್ಷಮಿಸಿ. ಏನೂ ಮಾಡದೆ ಬರೆಯುವುದು ಬೇಡ ಅಂತ ಕಾದೆ.

ವಾರದ ದಿನಗಳಲ್ಲಿ ಈಗ 2,300 ಕ್ಯಾಲರಿ ತಿನ್ನುತ್ತಿದ್ದೇನೆ. ಡಬ್ಬಿಗೆ ಶೇಂಗಾ, ಇನ್ನೆರಡು ಮೊಟ್ಟೆ ಸೇರಿವೆ. ಸುಕ್ಕಕ್ಕೆ ಕಾಯಿ ಧಾರಾಳವಾಗಿ ಹಾಕುತ್ತಾರೆ ಅಮ್ಮ. ಜಿಮ್‌ಗೆ ಮುನ್ನ ಬಾಳೆಹಣ್ಣು. ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದ ತನಕ ಲೋಡ್: ಎಂಟು ಇಡ್ಲಿ, ಹಸಿ ತೂಕದಲ್ಲಿ 200 ಗ್ರಾಂ ಅಕ್ಕಿಯ ಅನ್ನ, 75 ಗ್ರಾಂ ಅವಲಕ್ಕಿ, ಮೂರು ಬಾಳೆಹಣ್ಣು, 300 ಗ್ರಾಂ ಬೇಯಿಸಿದ ಆಲೂಗಡ್ಡೆ. ಹೆಚ್ಚು ಕಡಿಮೆ 430 ಗ್ರಾಂ ಆಗುತ್ತದೆ. ಜೊತೆಗೆ ಮೊಟ್ಟೆಯ ಬಿಳಿ, ಎಣ್ಣೆ ಇಲ್ಲದ ಕೋಳಿ, ತಿಳಿ ಸಾರು.

ಮೂರನೇ ವಾರದ ಸೋಮವಾರವನ್ನು ನಾನು ಮರೆಯುವುದಿಲ್ಲ. ಸ್ಕ್ವಾಟ್ 80 ಕೆಜಿ, ಮೂರನೇ ಸೆಟ್. ನಾಲ್ಕನೆಯದು ಬಂತು. ಯಾವಾಗಲೂ ತೊಡೆ ಖಾಲಿಯಾಗುವ ಜಾಗ. ಕೆಳಗೆ ಹೋದೆ, ಎದ್ದೆ. ಐದು, ಆರು, ಏಳು. ಕಂಬಿ ಇಟ್ಟು ತೊಡೆ ಮುಟ್ಟಿ ನೋಡಿದರೆ ಗಟ್ಟಿಯಾಗಿ, ಬಿಸಿಯಾಗಿ ತುಂಬಿಕೊಂಡಿತ್ತು.

ಈಗ ಸ್ಕ್ವಾಟ್ 92.5ರಲ್ಲಿ ಐದು ಸಲ. ಬೆಂಚ್ 67.5. ಶನಿವಾರ ಬೆಳಗ್ಗೆಯ ತೂಕ 72ರಿಂದ 73.3. ಸೊಂಟ ಅಷ್ಟೇ ಇದೆ. ಇದರಲ್ಲಿ ಲೋಡ್‌ನ ಪಾಲೆಷ್ಟು, ಬರೀ ಹೊಟ್ಟೆ ತುಂಬಾ ತಿಂದದ್ದರ ಪಾಲೆಷ್ಟು ಅಂತ ನಾನು ಬೇರ್ಪಡಿಸಲಾರೆ. ನನ್ನ ಮನಸ್ಸಿಗೆ ಅನ್ನಿಸುವುದು, ಜಾಸ್ತಿ ಪಾಲು ಊಟದ್ದೇ. ಥಾಣೆಯವರು ಅವತ್ತು ಅಳತೆ ಕೇಳದಿದ್ದರೆ ನಾನು ಇನ್ನೂ ಬಿರಿಯಾನಿಯ ದಿನಾಂಕ ಬದಲಿಸುತ್ತಾ ಕೂತಿರುತ್ತಿದ್ದೆ.

ಅಪ್ಪ ಡಾಕ್ಟರ್ ಹತ್ತಿರ ಹೋಗಿ ಬಂದರು. ಡಾಕ್ಟರ್ ಕೀಟೋ ಬೇಡ ಅಂದರು. ಅಪ್ಪ ರಾತ್ರಿ ಅನ್ನ ಅರ್ಧ ಮಾಡಿ, ಮೀನು ಜಾಸ್ತಿ ಮಾಡಿದ್ದಾರೆ. ಸಂಜೆ ನನ್ನ ಜೊತೆ ನಡೆಯಲು ಬರುತ್ತಾರೆ.

ಮುಲುಂಡ್ ಅಕ್ಕ

ಓದಿ ತುಂಬಾ ಸಂತೋಷವಾಯಿತು. ಒಂದು ಸಂದೇಹ. ಚೌತಿ ವಾರದ ನಡುವೆ ಬಂದರೆ ಏನು ಮಾಡುತ್ತೀರಿ? ಮುಂಬೈಯಲ್ಲಿ ಗಣಪತಿ ಮನೆಗಳಿಗೆ ಹೋಗಿ ಮೋದಕ ಬೇಡ ಅನ್ನಲು ಆಗುತ್ತದಾ?

ಡೊಂಬಿವಲಿ ಹುಡುಗ

ಆಗುವುದಿಲ್ಲ ಅಕ್ಕ, ಅನ್ನುವುದೂ ಇಲ್ಲ. ಆ ವಾರ ಲೋಡ್ ಚೌತಿ ದಿನಕ್ಕೆ ಬರುತ್ತದೆ. ಬೆಳಗ್ಗೆ ಆರಕ್ಕೆ ಜಿಮ್, ಆಮೇಲೆ ಪೂಜೆ. ಅಮ್ಮ ಹಲಸಿನ ಎಲೆಯಲ್ಲಿ ಕಡುಬು ಮಾಡುತ್ತಾರೆ, ಅಕ್ಕಿಯದು, ಹಬೆಯಲ್ಲಿ ಬೆಂದದ್ದು. ಅದೇ ನನ್ನ ಲೋಡ್. ಮೋದಕ ಎರಡು.

ಅಕ್ಕಿ ತೂಗಲು ತಂದ ತಕ್ಕಡಿ ಕಂಡರೆ ಮೊದಲು ಅಮ್ಮನಿಗೆ ಬೇಜಾರಾಗುತ್ತಿತ್ತು, ಮನೆಯ ಅನ್ನವನ್ನು ಯಾರು ತೂಗುತ್ತಾರೆ ಅಂತ. ಹೋದ ಶನಿವಾರ ತನ್ನ ಪಾವಿನಲ್ಲಿ ಅಕ್ಕಿ ತುಂಬಿ, ಕೈಯಿಂದ ಸವರಿ, ತಾನೇ ತಂದು ತಕ್ಕಡಿಯ ಮೇಲೆ ಸುರಿದರು. 204 ಗ್ರಾಂ ತೋರಿಸಿತು. ಈಗ ತಕ್ಕಡಿ ಕಪಾಟಿನಲ್ಲಿದೆ. ಶನಿವಾರ ಒಂದು ಪಾವು ಅಕ್ಕಿ ಇಡುತ್ತಾರೆ ಅಮ್ಮ.